ಕುಡಿತ, ಡ್ರಗ್ಸ್ ಬಿಡಿಸುವ ಚಿಕಿತ್ಸೆ: ಮುಂಬಯಿಯಲ್ಲಿ ನಿಮ್ಮ ಆರೋಗ್ಯ ವಿಮೆ ಎಲ್ಲಿಯವರೆಗೆ ನೆರವಾಗುತ್ತದೆ?

ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಂತಿ, ಚಡಪಡಿಕೆ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಜ್ವರ ಬಂದರೆ ಅದು ಡೆಲಿರಿಯಮ್ ಟ್ರೆಮೆನ್ಸ್ ಇರಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ನಿದ್ರೆ ಮಾತ್ರೆಗಳಿಗೆ ಒಗ್ಗಿಹೋದವರಿಗೂ ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ಆದ್ದರಿಂದ "ವಿಮೆ ಮಂಜೂರಾದ ಮೇಲೆ ನೋಡೋಣ" ಎಂದು ಇಂಥ ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ವಿಮೆಯ ವಿಷಯದಲ್ಲಿ ನೇರ ಉತ್ತರ ಇಷ್ಟು: ನೀವಾಗಿ ಕೊಂಡ ಹೆಚ್ಚಿನ ಪಾಲಿಸಿಗಳು ವ್ಯಸನಮುಕ್ತಿ ಚಿಕಿತ್ಸೆಗೆ ಹಣ ಕೊಡುವುದಿಲ್ಲ.

ಮಾನಸಿಕ ಕಾಯಿಲೆಗೆ ವಿಮೆ ಇದೆ, ವ್ಯಸನಕ್ಕೆ ಏಕಿಲ್ಲ?

ಪ್ರಶ್ನೆ ನ್ಯಾಯವಾದದ್ದೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯೊಂದಿಗೆ ಬರುವ ಮಾನಸಿಕ ಸ್ಥಿತಿಗಳನ್ನೂ ಅದೇ ಕಾಯ್ದೆ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಹೊರಗಿಡಬಹುದಾದ ಚಿಕಿತ್ಸೆಗಳ ಒಕ್ಕಣೆಯನ್ನು ಏಕರೂಪಗೊಳಿಸಿದಾಗ, ಮದ್ಯವ್ಯಸನ, ಮಾದಕ ವಸ್ತು ಸೇವನೆ ಮತ್ತು 'ಅವುಗಳ ಪರಿಣಾಮಗಳ' ಚಿಕಿತ್ಸೆಯನ್ನು ಹೊರಗಿಡಲು ಅವಕಾಶ ಉಳಿಸಿತು. ನಿಮ್ಮ ಪಾಲಿಸಿ ಪುಸ್ತಕದ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ 12ನೇ ಕೋಡ್ ಹುಡುಕಿ. ಸಾಮಾನ್ಯವಾಗಿ ಆ ಸಾಲು ಅಲ್ಲಿರುತ್ತದೆ. ಕಾಯ್ದೆಯ ಮಾತಿಗೂ ಪಾಲಿಸಿಯ ಮಾತಿಗೂ ಇರುವ ಈ ಅಂತರವನ್ನು ದೂರು ಕೊಡುವಾಗ ಖಂಡಿತ ಎತ್ತಿ ತೋರಿಸಿ. ಆದರೆ ಅದನ್ನೇ ನಂಬಿ ಮೂರು ವಾರದ ಖಾಸಗಿ ಆಸ್ಪತ್ರೆ ವಾಸಕ್ಕೆ ಒಪ್ಪಿಕೊಳ್ಳಬೇಡಿ.

ಆಫೀಸಿನ ಗುಂಪು ವಿಮೆಯ ಷರತ್ತುಗಳು ಬೇರೆ ಇರಬಹುದು. ಮಾಲೀಕರು ಕಂಪನಿಯೊಂದಿಗೆ ಮಾತಾಡಿ ಕೆಲವು ಷರತ್ತು ಸಡಿಲಿಸಿಕೊಂಡಿರುತ್ತಾರೆ. ಎಚ್‌ಆರ್‌ ಬಳಿ ಪಾಲಿಸಿಯ ಪೂರ್ಣ ಪ್ರತಿ ಕೇಳಿ. ರೋಗಿಯ ಹೆಸರು ಹೇಳುವ ಅಗತ್ಯವಿಲ್ಲ.

ಕಡತದಲ್ಲಿ ಏನು ಬರೆಯುತ್ತಾರೆ ಎಂಬುದು

ಹೆಚ್ಚಿನ ಜಗಳ ನಡೆಯುವುದು ಇಲ್ಲಿಯೇ. ಕ್ಯಾಶ್‌ಲೆಸ್‌ಗಾಗಿ ಆಸ್ಪತ್ರೆ ತುಂಬುವ ಫಾರಂನಲ್ಲಿ ಮದ್ಯ ಅಥವಾ ಡ್ರಗ್ಸ್ ಸೇವನೆಯ ಬಗ್ಗೆ ಪ್ರತ್ಯೇಕ ಪ್ರಶ್ನೆ ಇರುತ್ತದೆ. ಉದಾಹರಣೆಗೆ, ಮಳೆಗಾಲದಲ್ಲಿ ನಿಮ್ಮವರು ಡೆಂಗಿ ಅಥವಾ ಇಲಿಜ್ವರವೆಂದು ದಾಖಲಾಗುತ್ತಾರೆ ಎನ್ನಿ. ಕೇಸ್ ಪೇಪರಿನಲ್ಲಿ ಕಿರಿಯ ವೈದ್ಯರು ಅವಸರದಲ್ಲಿ 'ಕ್ರಾನಿಕ್ ಆಲ್ಕೊಹಾಲಿಕ್' ಎಂದು ಬರೆದುಬಿಟ್ಟರೆ ಟಿಪಿಎ ಪ್ರಶ್ನೆ ಎತ್ತುತ್ತದೆ. ಕುಡಿಯುವವರಿಗೆ ಬಂದ ಪ್ರತಿಯೊಂದು ಕಾಯಿಲೆಯೂ ಕುಡಿತದ ಪರಿಣಾಮವಲ್ಲ; ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ಸಾಬೀತುಪಡಿಸುವ ಹೊಣೆ ವಿಮಾ ಕಂಪನಿಯದು. ಕಾಯಿಲೆಗೆ ನಿಜವಾದ ಕಾರಣವೇನು, ಕುಡಿತ ಎಷ್ಟು, ಎಂದಿನಿಂದ ಎಂಬುದನ್ನು ಸ್ಪಷ್ಟವಾಗಿ ಬರೆದುಕೊಡುವಂತೆ ವೈದ್ಯರನ್ನು ಕೇಳಿ. ಖಿನ್ನತೆ ಅಥವಾ ಬೈಪೋಲಾರ್ ಕಾಯಿಲೆಯೂ ಜೊತೆಗಿದ್ದು ಅದಕ್ಕಾಗಿಯೇ ದಾಖಲಾಗಿದ್ದರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಮೊದಲು ಬರಬೇಕು. ಲಿವರ್ ಸಿರೋಸಿಸ್‌ ಮದ್ಯದಿಂದಲೇ ಬಂದದ್ದಾದರೆ ಕ್ಲೇಮು ಕಷ್ಟ.

ಹಾಗೆಂದು ಕುಡಿತವನ್ನು ಮುಚ್ಚಿಡಲು ಹೋಗಬೇಡಿ. ವೈದ್ಯರಿಂದ ಮುಚ್ಚಿಟ್ಟರೆ ಫಿಟ್ಸ್‌ಗೆ ಯಾರೂ ಸಿದ್ಧರಿರುವುದಿಲ್ಲ. ಪಾಲಿಸಿ ಕೊಳ್ಳುವಾಗ ಅರ್ಜಿಯಲ್ಲಿ ಮುಚ್ಚಿಟ್ಟರೂ ತೊಂದರೆಯೇ: ಕುಡಿತದ ವಿಷಯ ಮರೆಮಾಚಿ ಎಲ್‌ಐಸಿಯ ಜೀವನ್ ಆರೋಗ್ಯ ಪಾಲಿಸಿ ಪಡೆದಿದ್ದವರ ಕ್ಲೇಮು ನಿರಾಕರಣೆಯನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿಯಿತು. ಸತತ 60 ತಿಂಗಳು ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾದ ಪ್ರಕರಣ ಬಿಟ್ಟರೆ, 'ಮೊದಲೇ ಹೇಳಲಿಲ್ಲ' ಎಂಬ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ ಎಂಬ ನಿಯಮವಿದೆ. ಆದರೆ ಪಾಲಿಸಿಯಲ್ಲಿ ಶಾಶ್ವತವಾಗಿ ಹೊರಗಿಟ್ಟ ಚಿಕಿತ್ಸೆ ಅದರಿಂದ ಒಳಗೆ ಬರುವುದಿಲ್ಲ.

ರಿಹ್ಯಾಬ್ ಸೆಂಟರಿಗೆ ಸೇರಿಸುವ ಮುನ್ನ

ಪಾಲಿಸಿಯ ಭಾಷೆಯಲ್ಲಿ 'ಆಸ್ಪತ್ರೆ' ಎನ್ನಿಸಿಕೊಳ್ಳಲು ಸರ್ಕಾರಿ ನೋಂದಣಿ ಇರಬೇಕು. ಇಲ್ಲವಾದರೆ ಮುಂಬಯಿಯಂಥ ನಗರದಲ್ಲಿ ಕನಿಷ್ಠ 15 ಹಾಸಿಗೆ, ಹಗಲಿರುಳು ವೈದ್ಯರು ಮತ್ತು ನರ್ಸ್‌ಗಳು ಇತ್ಯಾದಿ ಇರಬೇಕು. ಫ್ಲ್ಯಾಟ್‌, ಬಂಗಲೆಗಳಲ್ಲಿ ನಡೆಯುವ ಅನೇಕ ಕೇಂದ್ರಗಳು ಈ ಅಳತೆಗೆ ನಿಲ್ಲುವುದಿಲ್ಲ. ನೋಂದಣಿ ಪತ್ರ ತೋರಿಸಲು ಹಿಂದೇಟು ಹಾಕುವ ಜಾಗಕ್ಕೆ, ವಿಮೆಯ ಮಾತು ಹಾಗಿರಲಿ, ಮನೆಯವರನ್ನು ಸೇರಿಸದಿರುವುದೇ ಒಳ್ಳೆಯದು.

ಕಡಿಮೆ ಖರ್ಚಿನ ದಾರಿ

ಮುಂಬಯಿಯವರಿಗೆ ಒಂದು ಅನುಕೂಲವಿದೆ. ಪರೇಲ್‌ನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಮುಂತಾದ ಪಾಲಿಕೆ ಆಸ್ಪತ್ರೆಗಳಲ್ಲೂ ಬೈಕುಲಾದ ಸರ್ಕಾರಿ ಜೆ.ಜೆ. ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗಗಳಿವೆ. ಖಾಸಗಿ ಆಸ್ಪತ್ರೆಯ ಬಿಲ್ಲಿನ ಮುಂದೆ ಇಲ್ಲಿಯ ಖರ್ಚು ತೀರಾ ಕಡಿಮೆ. ಸಾಲು ಉದ್ದ, ಜನಸಂದಣಿ ನಿಜ; ಆದರೂ ವಿಮೆ ಸಿಗದ ಕುಟುಂಬಕ್ಕೆ ನಾವು ಮೊದಲು ಹೇಳುವುದು ಈ ದಾರಿಯನ್ನೇ. ಎಲ್ಲರೂ ದಾಖಲಾಗಬೇಕೆಂದೂ ಇಲ್ಲ. ಹಿಂದೆ ಫಿಟ್ಸ್ ಬಂದಿರದ, ಮನೆಯಲ್ಲಿ ನೋಡಿಕೊಳ್ಳುವವರಿರುವ ಅನೇಕರಿಗೆ ವೈದ್ಯರು ಒಪಿಡಿಯಲ್ಲೇ ಮಾತ್ರೆ ಕೊಟ್ಟು ಚಿಕಿತ್ಸೆ ಮಾಡುತ್ತಾರೆ.

ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಮಾದಕ ವಸ್ತು ಬಳಕೆಯಿಂದ ಬರುವ ಮಾನಸಿಕ ತೊಂದರೆಗಳು ಅದರ ಚಿಕಿತ್ಸಾ ಪ್ಯಾಕೇಜುಗಳಲ್ಲಿವೆ. ಮಹಾರಾಷ್ಟ್ರದಲ್ಲಿ ಇದು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಜೊತೆಗೂಡಿ ನಡೆಯುತ್ತದೆ. ರೇಷನ್ ಕಾರ್ಡ್, ಆಧಾರ್ ತೆಗೆದುಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಆ ಆಸ್ಪತ್ರೆಯಲ್ಲಿ ಆ ಪ್ಯಾಕೇಜ್ ಇದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಹೋಟೆಲು, ಕ್ಯಾಂಟೀನು, ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಇಎಸ್‌ಐ ವ್ಯಾಪ್ತಿಯಲ್ಲಿರಬಹುದು. ಉಡುಪಿ ಹೋಟೆಲುಗಳಲ್ಲಿ ದುಡಿಯುವ ನಮ್ಮೂರಿನ ಹುಡುಗರಲ್ಲಿ ಕೆಲವರಿಗೆ ತಮ್ಮ ಹೆಸರಿನಲ್ಲಿ ಇಎಸ್‌ಐ ಕಾರ್ಡ್ ಇರುವುದೇ ಗೊತ್ತಿರುವುದಿಲ್ಲ. ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿ, ಇದ್ದರೆ ಮೊದಲು ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ.

ಕ್ಲೇಮು ತಿರಸ್ಕಾರವಾದರೆ

ಯಾವ ಷರತ್ತಿನಡಿ ತಿರಸ್ಕರಿಸಿದರು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್‌ನಲ್ಲೂ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರಲ್ಲಿಗೆ ಹೋಗಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮುಂಬಯಿ ಕಚೇರಿ ಸಾಂತಾಕ್ರೂಜ್ ಪಶ್ಚಿಮದಲ್ಲಿದೆ. ಠಾಣೆ, ನವಿ ಮುಂಬಯಿಯವರು ತಮ್ಮ ಪ್ರದೇಶ ಯಾವ ಕಚೇರಿಗೆ ಸೇರಿದೆಯೆಂದು ಮೊದಲು ವಿಚಾರಿಸಿ.

ಚಿಕಿತ್ಸೆ ಎಲ್ಲಿ ಶುರು ಮಾಡಬೇಕೆಂದು ತೋಚದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಟೆಲಿ ಮಾನಸ್ 14416ರಲ್ಲಿ ಭಾಷೆ ಆಯ್ದುಕೊಂಡು ಕನ್ನಡದಲ್ಲೂ ಮಾತಾಡಬಹುದು. ಫಿಟ್ಸ್ ಬಂದಿದ್ದರೆ, ರೋಗಿ ಗೊಂದಲದಲ್ಲಿದ್ದರೆ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಕ್ಯಾಷುವಲ್ಟಿಗೆ ನೇರವಾಗಿ ಕರೆದೊಯ್ಯಿರಿ.