ಹಾಲ್ ಆಫ್ ಫೇಮ್ ಅರ್ಹತೆಯ ವಿವಾದ: ಕರ್ನಾಟಕದ ನಿವೃತ್ತ ಬೌಲರುಗಳು

ಕ್ರಿಕೆಟ್ ಕ್ರೀಡೆಯಿಂದ ನಿವೃತ್ತರಾದ ಬೌಲರುಗಳಲ್ಲಿ ಯಾರು ‘ಹಾಲ್ ಆಫ್ ಫೇಮ್’ ಎಂಬ ಶಾಶ್ವತ ಗೌರವಕ್ಕೆ ಪಾತ್ರರೆಂಬುದನ್ನು ಕುರಿತು ಕರ್ನಾಟಕದಲ್ಲಿ ನಡೆದುಬಂದಿರುವ ವಾದವು ಎರಾಪಳ್ಳಿ ಪ್ರಸನ್ನ, ಭಾಗವತ್ ಚಂದ್ರಶೇಖರ್, ಅನಿಲ್ ಕುಂಬ್ಳೆ ಎಂಬ ಮೂವರು ಸ್ಪಿನ್ನರುಗಳನ್ನೂ ಜಾವಗಲ್ ಶ್ರೀನಾಥ್ ಎಂಬ ಒಬ್ಬ ವೇಗಿಯನ್ನೂ ಕೇಂದ್ರವಾಗಿಸಿಕೊಂಡಿದೆ. ಇವರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ‘ಹಾಲ್ ಆಫ್ ಫೇಮ್’, ಎಂದರೆ ಕೀರ್ತಿಭವನವನ್ನು ಪ್ರವೇಶಿಸಿದವರು ಕುಂಬ್ಳೆಯವರೊಬ್ಬರೇ. 2025ರವರೆಗಿನ ಸೇರ್ಪಡೆಗಳಲ್ಲಿ ಮಿಕ್ಕ ಮೂವರ ಹೆಸರು ಕಾಣುವುದಿಲ್ಲ. ಪತ್ರಿಕೆಗಳ ಬರಹಗಳಲ್ಲಿ ಈ ಕೀರ್ತಿಭವನವನ್ನೂ, ಭಾರತೀಯ ಕ್ರಿಕೆಟ್ ಮಂಡಳಿಯ ಸಿ. ಕೆ. ನಾಯುಡು ಜೀವಮಾನ ಸಾಧನೆಯ ಪ್ರಶಸ್ತಿಯನ್ನೂ, ವಿಸ್ಡನ್ ವಾರ್ಷಿಕ ಗ್ರಂಥದ ಆಯ್ಕೆಗಳನ್ನೂ ಒಂದೇ ಎಂಬಂತೆ ಬೆರೆಸಿ ಹೇಳುವ ಪರಿಪಾಠವುಂಟಾದ್ದರಿಂದ, ಯಾರಿಗೆ ಏನು ಸಂದಿದೆ ಎಂಬುದನ್ನು ಮೊದಲು ಬೇರ್ಪಡಿಸಿ ನೋಡುವುದು ಅವಶ್ಯಕವಾಗಿದೆ.

ಕ್ರೀಡಾರಂಗದಲ್ಲಿ ಕೀರ್ತಿಭವನದ ಕಲ್ಪನೆ ಪ್ರಸಿದ್ಧವಾದದ್ದು ಬೇಸ್‌ಬಾಲ್ ಆಟದಿಂದ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನ ಭವನಕ್ಕೆ 1936ರಲ್ಲಿ ಪ್ರಥಮ ಚುನಾವಣೆ ನಡೆದಾಗ ಆಯ್ಕೆಯಾದ ಐವರಲ್ಲಿ ಕ್ರಿಸ್ಟಿ ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್ ಎಂಬ ಇಬ್ಬರು ಚೆಂಡೆಸೆಯುವವರು, ಎಂದರೆ ಪಿಚರುಗಳು, ಇದ್ದರು. ಆಟಗಾರನು ನಿವೃತ್ತನಾಗಿ ಐದು ವರ್ಷ ಕಳೆಯಬೇಕು, ಪತ್ರಿಕಾ ಬರಹಗಾರರ ಮತಗಳಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಬೀಳಬೇಕು ಎಂಬುದು ಅಲ್ಲಿಯ ವಿಧಿ. 287 ಪಂದ್ಯಗಳನ್ನು ಗೆದ್ದುಕೊಟ್ಟಿದ್ದ ಬರ್ಟ್ ಬ್ಲೈಲೆವೆನ್ ಹದಿನಾಲ್ಕನೆಯ ಸಲದ ಮತದಾನದಲ್ಲಿ, 2011ರಲ್ಲಿ, ಒಳಗೆ ಬಂದರೆ, 288 ಗೆಲುವುಗಳ ಟಾಮಿ ಜಾನ್ ಅವರಿಗೆ ಬರಹಗಾರರ ಮತ ಒದಗಲೇ ಇಲ್ಲವೆಂಬುದನ್ನು ನೋಡಿದರೆ, ಅಂಕಿಯನ್ನು ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ ಮಾತ್ರಕ್ಕೆ ವ್ಯಾಜ್ಯ ತೀರುವುದಿಲ್ಲವೆಂಬುದು ಅಲ್ಲಿಯೂ ಅನುಭವಸಿದ್ಧವಾಗಿದೆ.

ಕ್ರಿಕೆಟ್ಟಿಗೆ ಈ ಪದ್ಧತಿ ಎರಡು ಹಂತಗಳಲ್ಲಿ ಬಂತು. ಮುಂದಿನ ಗೊಂದಲದ ಬೇರು ಇರುವುದೂ ಇಲ್ಲಿಯೇ. ಆಟಗಾರರ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 1999ರಿಂದ 2003ರವರೆಗೆ ತನ್ನದೇ ಒಂದು ಕೀರ್ತಿಪಟ್ಟಿಯನ್ನು ನಡೆಸಿತ್ತು. ಅಂತರರಾಷ್ಟ್ರೀಯ ಮಂಡಳಿಯು ತನ್ನ ಶತಮಾನೋತ್ಸವದ ಸಂದರ್ಭದಲ್ಲಿ, 2009ರ ಜನವರಿ 2ರಂದು, ಹೊಸ ಭವನವನ್ನು ಘೋಷಿಸಿದಾಗ ಆ ಹಳೆಯ ಪಟ್ಟಿಯ 55 ಹೆಸರುಗಳನ್ನು ಇಡಿಯಾಗಿ ಎತ್ತಿ ಇದರಲ್ಲಿ ಇರಿಸಿತು. ಆ ಐವತ್ತೈದರಲ್ಲಿ ಭಾರತೀಯರು ಮೂವರು: ಸುನಿಲ್ ಗಾವಸ್ಕರ್, ಕಪಿಲ್ ದೇವ್ ಮತ್ತು ಬಿಷನ್ ಸಿಂಗ್ ಬೇಡಿ. ಆದಕಾರಣ ಭಾರತದ ಸ್ಪಿನ್ ಚತುಷ್ಟಯವೆನಿಸಿದ ನಾಲ್ವರಲ್ಲಿ ಬೇಡಿಯವರೊಬ್ಬರು ಮಾತ್ರ ಒಳಗಿದ್ದು ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಹೊರಗುಳಿದದ್ದು ಹೊಸ ಮಾನದಂಡದ ತಕ್ಕಡಿಯಲ್ಲಿ ನಾಲ್ವರನ್ನೂ ತೂಗಿ ನೋಡಿದ ಫಲವಲ್ಲ. ಬೇಡಿಯವರು ಹೊಸ ನಿಯಮ ಬರೆಯುವ ಮುನ್ನವೇ ಮನೆಯೊಳಗೆ ಕುಳಿತಿದ್ದವರು.

ಹೊಸ ಪ್ರವೇಶಾರ್ಥಿಗಳಿಗಾಗಿ ಮಂಡಳಿ ಪ್ರಕಟಿಸಿದ ಮಾನದಂಡವಾದರೋ, ಬೌಲರನು ಟೆಸ್ಟ್ ಅಥವಾ ಏಕದಿನದ ಯಾವುದಾದರೊಂದು ಪ್ರಕಾರದಲ್ಲಿ ಕನಿಷ್ಠ 200 ವಿಕೆಟ್ ಪಡೆದಿರಬೇಕು, ಸ್ಟ್ರೈಕ್ ರೇಟ್, ಎಂದರೆ ಒಂದು ವಿಕೆಟ್ಟಿಗೆ ತಗುಲುವ ಚೆಂಡುಗಳ ಸರಾಸರಿ, ಟೆಸ್ಟಿನಲ್ಲಿ 50, ಏಕದಿನದಲ್ಲಿ 30 ಇರಬೇಕು ಎಂಬುದಾಗಿತ್ತು. ಈ ಅಳತೆಗೋಲು ವೇಗಿಗಳಿಗಾಗಿ ಕಡಿದದ್ದೆಂಬುದು ಲೆಕ್ಕ ಹಾಕಿದ ಕೂಡಲೇ ಗೋಚರವಾಗುತ್ತದೆ: ವಕಾರ್ ಯೂನಿಸ್, ಅಲನ್ ಡೊನಾಲ್ಡ್ ಇದರಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತಾರೆ, 57 ಚೆಂಡಿಗೊಂದು ವಿಕೆಟ್ ಪಡೆದ ಶೇನ್ ವಾರ್ನ್, 55ಕ್ಕೊಂದರಂತೆ ಪಡೆದ ಮುತ್ತಯ್ಯ ಮುರಳೀಧರನ್ ಅಕ್ಷರಶಃ ಅನುತ್ತೀರ್ಣರು. ಆದರೂ ವಾರ್ನ್ 2013ರಲ್ಲಿ, ಮುರಳೀಧರನ್ 2017ರಲ್ಲಿ ಒಳಗೆ ಬಂದರು. ಸುಮಾರು 80 ಚೆಂಡಿಗೊಂದು ವಿಕೆಟ್ ಪಡೆದ ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿ 2025ರಲ್ಲಿ ಬಂದರು. ನಿಯಮವನ್ನು ಸಡಿಲಿಸಿದ್ದು ನ್ಯಾಯವೇ ಸರಿ. ಆದರೆ ಒಮ್ಮೆ ಸಡಿಲಿಸಿದ ಮೇಲೆ ಬೆಂಗಳೂರು, ಮೈಸೂರುಗಳ ಇಬ್ಬರು ಹಿರಿಯರನ್ನು ಯಾವ ಗೆರೆಯ ಆಚೆ ನಿಲ್ಲಿಸಲಾಗಿದೆ ಎಂಬ ಪ್ರಶ್ನೆಗೆ ಮಾನದಂಡದಲ್ಲಿ ಉತ್ತರವಿಲ್ಲ.

ಪ್ರಸನ್ನರ ವಿಷಯದಲ್ಲಿ ಎದುರು ಪಕ್ಷದವರು ಒಂದೇ ಅಂಕಿಯನ್ನು ಮುಂದಿಡುತ್ತಾರೆ: 49 ಟೆಸ್ಟುಗಳಲ್ಲಿ 189 ವಿಕೆಟ್, ಇನ್ನೂರಕ್ಕೆ ಹನ್ನೊಂದು ಕಡಿಮೆ. ಈ ಹನ್ನೊಂದರ ಕೊರತೆ ಹೇಗೆ ಉಂಟಾಯಿತೆಂಬುದನ್ನು ಹೇಳದೆ ಅಂಕಿಯನ್ನಷ್ಟೇ ಹೇಳುವುದು ಅರೆಸತ್ಯ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಪ್ರಥಮ ಟೆಸ್ಟ್ ಆಡಿ, ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದ ತರುಣನು, ತಂದೆಯ ಮರಣಾನಂತರ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್‌ನಲ್ಲಿ ಪದವಿಯನ್ನು ಪೂರೈಸುವ ಸಲುವಾಗಿ ಆಟವನ್ನು ಬದಿಗಿರಿಸಿ, ಪುನಃ ಟೆಸ್ಟ್ ಕಣಕ್ಕೆ ಇಳಿದದ್ದು 1967ರ ಜನವರಿಯಲ್ಲಿ. ನಡುವೆ 1964 ಮತ್ತು 1965ರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ವಿರುದ್ಧ ಸ್ವದೇಶದ ನೆಲದಲ್ಲೇ 12 ಟೆಸ್ಟುಗಳು ನಡೆದುಹೋದವು. ಹಿಂದಿರುಗಿದ ಮೇಲಿನ ಬೆಳೆಯಾದರೋ ಸಮೃದ್ಧ: 1967–68ರಲ್ಲಿ ಆಸ್ಟ್ರೇಲಿಯಾದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್, ಭಾರತ ವಿದೇಶದಲ್ಲಿ ಮೊತ್ತಮೊದಲ ಸರಣಿಯನ್ನು ಗೆದ್ದದ್ದು ಆ ನ್ಯೂಜಿಲೆಂಡ್ ಪ್ರವಾಸದಲ್ಲೇ. ಇಪ್ಪತ್ತನೆಯ ಟೆಸ್ಟಿನಲ್ಲಿ ನೂರನೆಯ ವಿಕೆಟ್ ಪಡೆದ ಅವರ ಭಾರತೀಯ ದಾಖಲೆಯನ್ನು ಮುರಿಯಲು 2013ರಲ್ಲಿ ರವಿಚಂದ್ರನ್ ಅಶ್ವಿನ್ ಬರಬೇಕಾಯಿತು.

ಎರಡನೆಯ ನಷ್ಟ ಆಯ್ಕೆಯದು. ಒಬ್ಬನೇ ಆಫ್ ಸ್ಪಿನ್ನರಿಗೆ ತಂಡದಲ್ಲಿ ಸ್ಥಳವೆಂದಾದಾಗ, ಬ್ಯಾಟಿಂಗು ಕ್ಷೇತ್ರರಕ್ಷಣೆಗಳ ಬಲದಿಂದಲೂ 1971ರಲ್ಲಿ ಉಪನಾಯಕರಾಗಿದ್ದುದರಿಂದಲೂ ವೆಂಕಟರಾಘವನ್ನರ ಕಡೆಗೆ ತಕ್ಕಡಿ ವಾಲುತ್ತಿತ್ತು; ಆ ವರ್ಷದ ಇಂಗ್ಲೆಂಡ್ ಪ್ರವಾಸಕ್ಕೆ ಹೋದ ಪ್ರಸನ್ನರು ಮೂರು ಟೆಸ್ಟುಗಳಲ್ಲಿ ಒಂದನ್ನೂ ಆಡಲಿಲ್ಲ. ಚತುಷ್ಟಯವೆಂದು ನಾವು ಒಂದೇ ಉಸಿರಿನಲ್ಲಿ ಹೇಳುವ ನಾಲ್ವರು ಒಟ್ಟಾಗಿ ಕಣಕ್ಕಿಳಿದದ್ದು ತಮ್ಮ ಜೀವಮಾನದಲ್ಲಿ ಒಂದೇ ಟೆಸ್ಟಿನಲ್ಲಿ, 1967ರಲ್ಲಿ ಎಜ್‌ಬಾಸ್ಟನ್ನಿನಲ್ಲಿ, ಎಂಬ ಸಂಗತಿ ಇಂದಿನ ಓದುಗರಿಗೆ ನಂಬಲು ಕಷ್ಟ. ಇನ್ನು ದೇಶೀಯ ಆಟದ ಸಾಧನೆಗೆ ಕೀರ್ತಿಭವನದಲ್ಲಿ ಅಂಕಣವೇ ಇಲ್ಲ. 1934ರ ನವೆಂಬರಿನಲ್ಲಿ ಮದ್ರಾಸಿನ ಎದುರು ಒಂದೇ ದಿನದಲ್ಲಿ ಸೋತು ರಣಜಿ ಚರಿತ್ರೆಯನ್ನು ಆರಂಭಿಸಿದ ಮೈಸೂರು ತಂಡದ ಉತ್ತರಾಧಿಕಾರಿಯಾದ ಕರ್ನಾಟಕವು, ಬೊಂಬಾಯಿಯ ಹದಿನೈದು ವರ್ಷಗಳ ಅಖಂಡ ಪ್ರಭುತ್ವವನ್ನು ಮುರಿದು 1973–74ರಲ್ಲಿ ಪ್ರಥಮ ಬಾರಿಗೆ ರಣಜಿ ಟ್ರೋಫಿ ಗೆದ್ದದ್ದು ಪ್ರಸನ್ನರ ನಾಯಕತ್ವದಲ್ಲಿ. ಕನ್ನಡನಾಡಿನ ಕ್ರೀಡೆಯ ದೃಷ್ಟಿಯಿಂದ ಇದು ಆ ಹನ್ನೊಂದು ವಿಕೆಟ್ಟುಗಳಿಗಿಂತ ತೂಕದ ವಿಷಯವೆಂದು ಈ ಸಂಪಾದಕನ ಎಣಿಕೆ.

ಚಂದ್ರಶೇಖರರ ಪಕ್ಷದಲ್ಲಿ ವಿಕೆಟ್ ಸಂಖ್ಯೆಯ ಕೊರತೆಯಿಲ್ಲ. 58 ಟೆಸ್ಟುಗಳಲ್ಲಿ 242. ಮೈಸೂರಿನಲ್ಲಿ 1945ರಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲೇ ಪೋಲಿಯೋ ತಗುಲಿ ಬಲಗೈ ಕೃಶವಾಯಿತು. ಆ ಕೃಶವಾದ ಕೈಯೇ ಬೌಲಿಂಗ್ ಮಾಡುವ ಕೈಯಾಗಿ, ಗಡಿಯಿಂದ ಚೆಂಡನ್ನು ಹಿಂದಿರುಗಿಸಲು ಎಡಗೈಯನ್ನು ಬಳಸಬೇಕಾಯಿತು. ದೂರದಿಂದ ಓಡಿಬಂದು, ಕೈಯನ್ನು ಚಾಟಿಯಂತೆ ಬೀಸಿ, ಲೆಗ್‌ಬ್ರೇಕಿಗಿಂತ ಹೆಚ್ಚಾಗಿ ಗೂಗ್ಲಿಯನ್ನೂ ವೇಗದ ಚೆಂಡನ್ನೂ ನೆಚ್ಚಿದ ಈ ಶೈಲಿಗೆ ಪೂರ್ವಾದರ್ಶವಿರಲಿಲ್ಲ. 1971ರ ಆಗಸ್ಟ್ 24ರಂದು ಓವಲ್ ಮೈದಾನದಲ್ಲಿ ಜಾನ್ ಎಡ್ರಿಚ್ ಎದುರಿಗಿದ್ದಾಗ, ದಿಲೀಪ್ ಸರ್ದೇಸಾಯಿಯವರು ಆ ವರ್ಷದ ಎಪ್ಸಮ್ ಡರ್ಬಿ ಗೆದ್ದ ಕುದುರೆ ‘ಮಿಲ್ ರೀಫ್’ನ ಹೆಸರು ಹೇಳಿ ವೇಗದ ಚೆಂಡನ್ನು ಹಾಕುವಂತೆ ಕೂಗಿದರೆಂದೂ, ಮರುಚೆಂಡಿಗೆ ಎಡ್ರಿಚ್ ಬ್ಯಾಟ್ ಇಳಿಸುವ ಮೊದಲೇ ಗೂಟ ಉರುಳಿತೆಂದೂ ಆ ಆಟಗಾರರು ಹೇಳಿಕೊಂಡು ಬಂದಿದ್ದಾರೆ. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಚಂದ್ರಶೇಖರ್ 38 ರನ್ನಿಗೆ 6. ಆಂಗ್ಲ ನೆಲದಲ್ಲಿ ಭಾರತಕ್ಕೆ ಪ್ರಥಮ ವಿಜಯ. ವಿಸ್ಡನ್ 1972ರಲ್ಲಿ ಅವರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರೆಂದು ಆರಿಸಿತು. ಪದ್ಮಶ್ರೀ, ಅರ್ಜುನ ಗೌರವಗಳೂ ಆ ವರ್ಷವೇ ಬಂದವು.

ಅವರ ವಿರುದ್ಧ ಹೇಳುವ ಮಾತು ಅನಿಶ್ಚಿತತೆಯದು: ಒಂದು ದಿನ ಇಡೀ ತಂಡವನ್ನು ಕೆಡವಬಲ್ಲವರು ಮರುದಿನ ರನ್ನುಗಳನ್ನು ಧಾರಾಳವಾಗಿ ಸೋರಿಸುತ್ತಿದ್ದರು ಎಂಬುದು. ಪರಿಶೀಲಿಸಿದರೆ ಈ ಆಕ್ಷೇಪ ತಾನಾಗಿ ಕರಗುತ್ತದೆ. ಚಂದ್ರಶೇಖರರ ಸರಾಸರಿ ವಿಕೆಟ್ಟಿಗೆ 29.74 ರನ್, ಕುಂಬ್ಳೆಯವರದು 29.65, ಚೆಂಡಿನ ಲೆಕ್ಕ ಹಾಕಿದರೆ ಇಬ್ಬರಿಗೂ ಒಂದು ವಿಕೆಟ್ಟಿಗೆ ಹೆಚ್ಚು ಕಡಿಮೆ 66 ಚೆಂಡು. ಅನಿಶ್ಚಿತನೆಂದು ಹೆಸರು ಪಡೆದವನಿಗೂ ಗಡಿಯಾರದಂತೆ ನಿಯತನೆಂದು ಹೆಸರು ಪಡೆದವನಿಗೂ ಜೀವಮಾನದ ಕೊನೆಗೆ ಇರುವ ಅಂತರ ರನ್ನಿನ ಹತ್ತನೆಯ ಒಂದು ಭಾಗದಷ್ಟೂ ಅಲ್ಲವೆಂಬ ಈ ಅಂಶವನ್ನು ಇದುವರೆಗಿನ ಬರಹಗಳು ಸಾಕಷ್ಟು ಗಮನಿಸಿಲ್ಲ. ಚಂದ್ರಶೇಖರ್ ಆಡಿ ಭಾರತ ಗೆದ್ದ 14 ಟೆಸ್ಟುಗಳಲ್ಲಿ ಅವರು ಪಡೆದ ವಿಕೆಟ್ 98. ಆಗ ಸರಾಸರಿ ಇಪ್ಪತ್ತಕ್ಕಿಂತ ಕೆಳಗೆ. ಬ್ಯಾಟು ಹಿಡಿದು ಅವರು ಗಳಿಸಿದ ಒಟ್ಟು ರನ್ 167, ಪಡೆದ ವಿಕೆಟ್ಟಿಗಿಂತ ಕಡಿಮೆ, ಎಂಬ ವಿನೋದವನ್ನು ಮಾತ್ರ ಎಲ್ಲ ಪುಸ್ತಕಗಳೂ ತಪ್ಪದೆ ಹೇಳುತ್ತವೆ.

ಜನಸ್ಮೃತಿ ಈ ವಾದದಲ್ಲಿ ಎಷ್ಟು ಪಾಲು ಪಡೆದಿದೆಯೆಂಬುದನ್ನು ತಿಳಿಯಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರಾಂಪುರದಂತಹ ಊರುಗಳಲ್ಲಿ ಶೇಂಗಾ ಕಿತ್ತು ಬರಿದಾದ ಹೊಲವೇ ಮೈದಾನ, ಟೆನಿಸ್ ಚೆಂಡೇ ಚೆಂಡು. ಹುಡುಗರಿಗೆ ಕುಂಬ್ಳೆ ದೂರದರ್ಶನದಲ್ಲಿ ಕಂಡ ಪ್ರತ್ಯಕ್ಷ ಪುರುಷ. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತ ಹಿರಿಯರಿಗೆ ಚಂದ್ರಶೇಖರ್ ಧ್ವನಿಯಿಂದ ಬಲ್ಲ ಪುರುಷ. “ಚಂದ್ರಶೇಖರನ ಆಟ ಕಣ್ಣಾರೆ ನೋಡೀಯೇನಜ್ಜ?” ಎಂದು ಕೇಳಿದರೆ, “ನೋಡಿಲ್ಲಪ್ಪ, ರೇಡಿಯೋದಾಗೆ ಕೇಳೀನಿ” ಎಂಬ ಉತ್ತರ, ಕೇಳಿದ್ದು ನೋಡಿದ್ದಕ್ಕಿಂತ ಕಡಿಮೆಯೇನಲ್ಲವೆಂಬ ಗತ್ತಿನಲ್ಲಿ, ಬರುತ್ತದೆ. ಕೀರ್ತಿಭವನಕ್ಕೆ ಮತ ಹಾಕುವ ಜಾಗತಿಕ ಪತ್ರಕರ್ತರ ಪೀಳಿಗೆಯೂ ಈ ಹುಡುಗರಂತೆ ಕಣ್ಣಿಗೆ ಕಂಡದ್ದನ್ನು ನೆಚ್ಚುವಂಥದೇ.

ಚಂದ್ರಶೇಖರರ ಪೀಳಿಗೆಗೂ ಕುಂಬ್ಳೆಯವರ ಪೀಳಿಗೆಗೂ ನಡುವಿನ, 1979ರಿಂದ 1990ರವರೆಗಿನ ಅವಧಿಯನ್ನು ಬೇಗನೆ ದಾಟಬಹುದು. ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಅವರು 1981–82ರ ರಣಜಿ ಉಪಾಂತ್ಯದಲ್ಲಿ ಬೊಂಬಾಯಿಯ ವಿರುದ್ಧ ಹ್ಯಾಟ್ರಿಕ್ ಸಾಧಿಸಿ, ಅವರ ತಿರುವನ್ನು ತಡೆಯಲಾರದೆ ಸ್ವತಃ ಗಾವಸ್ಕರ್ ಎಡಗೈಯಲ್ಲಿ ಬ್ಯಾಟು ಮಾಡಿದರೆಂಬ ಕೀರ್ತಿಗೆ ಪಾತ್ರರಾದರೂ, ಆಡಿದ್ದು ಎರಡೇ ಟೆಸ್ಟು. ರೋಜರ್ ಬಿನ್ನಿಯವರು 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ಟುಗಳಿಂದ ಎಲ್ಲರಿಗಿಂತ ಮುಂದಿದ್ದರು. ಕೀರ್ತಿಭವನದ ಚರ್ಚೆಯಲ್ಲಿ ಅವರ ಹೆಸರು ಬಂದದ್ದು ವಿರಳ.

ಕುಂಬ್ಳೆಯವರದು ಇತ್ಯರ್ಥವಾದ ಪ್ರಕರಣ: 2015ರಲ್ಲಿ ಸೇರ್ಪಡೆ. 132 ಟೆಸ್ಟುಗಳ 619 ವಿಕೆಟ್, ನಿವೃತ್ತಿಯ ದಿನ ಮುರಳೀಧರನ್, ವಾರ್ನ್ ಇಬ್ಬರನ್ನುಳಿದು ಮೂರನೆಯ ಸ್ಥಾನ; 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ 74 ರನ್ನಿಗೆ. ಚೆಂಡು ತಿರುಗುವುದಿಲ್ಲ, ಸ್ವದೇಶದ ಅಂಗಳದಲ್ಲೇ ಆಟ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ, ಇಲ್ಲಿ 24.88ರ ಸರಾಸರಿ ಹೊರನಾಡಿನಲ್ಲಿ 35.85ಕ್ಕೆ ಏರುತ್ತದೆ. ಆದರೆ 2003–04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರೇ ಟೆಸ್ಟುಗಳಲ್ಲಿ 24 ವಿಕೆಟ್ ಪಡೆದ ಬಳಿಕ ಆ ಮಾತಿನ ಮೊನೆ ಮುರಿಯಿತು.

ಕೋಟ್ಲಾದ ಆ ಅಪರಾಹ್ಣ ಮತ್ತೊಂದು ತುದಿಯಿಂದ, ಗೆಳೆಯನ ಹತ್ತನೆಯ ವಿಕೆಟ್ ತನ್ನ ಪಾಲಾಗದಿರಲೆಂದು ಬೇಕೆಂದೇ ಚೆಂಡನ್ನು ಗೂಟದಿಂದ ದೂರ ಎಸೆಯುತ್ತಿದ್ದವರು ಶ್ರೀನಾಥ್. 236 ಟೆಸ್ಟ್, 315 ಏಕದಿನ ವಿಕೆಟ್ಟುಗಳ ಅವರು ಇನ್ನೂರರ ಗೆರೆಯನ್ನು ಎರಡೂ ಕಡೆ ದಾಟಿದವರು. ಸ್ಟ್ರೈಕ್ ರೇಟ್ ಮಾತ್ರ ಟೆಸ್ಟಿನಲ್ಲಿ 64. ಸ್ಪಿನ್ನಿಗೆಂದೇ ಹದಮಾಡಿದ ಮಣ್ಣಿನಲ್ಲಿ ಹೊಸ ಚೆಂಡಿನ ಹೊಳಪು ಹೋಗುವವರೆಗಷ್ಟೇ ವೇಗಿಗೆ ಕೆಲಸವಿದ್ದ ಕಾಲದಲ್ಲಿ ಅದನ್ನು ವೆಸ್ಟ್ ಇಂಡೀಸಿನ ವೇಗಿಗಳ ಲೆಕ್ಕದೊಡನೆ ಹೋಲಿಸುವುದು ಸಾಧುವಲ್ಲ. ಕೋಟ್ಲಾದ ಪಂದ್ಯ ನಡೆದ ತಿಂಗಳಲ್ಲೇ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಅವರು ಪಡೆದ 13 ವಿಕೆಟ್ಟುಗಳು ಸೋತ ಪಂದ್ಯದಲ್ಲಿ ಸೇರಿಹೋದವು.

ಭಾರತೀಯ ಮಂಡಳಿಯು 1994ರಲ್ಲಿ ಲಾಲಾ ಅಮರನಾಥರಿಂದ ಆರಂಭಿಸಿದ ಸಿ. ಕೆ. ನಾಯುಡು ಪ್ರಶಸ್ತಿಯನ್ನು ಚತುಷ್ಟಯದ ನಾಲ್ವರಿಗೂ ಒಟ್ಟಾಗಿ ನೀಡಿತು. ಪ್ರಸನ್ನ, ಚಂದ್ರಶೇಖರ್ ‘ಹಾಲ್ ಆಫ್ ಫೇಮ್’ ಪಡೆದವರೆಂದು ಕೆಲವೆಡೆ ಬರೆದಿರುವುದು ಈ ಗೌರವವನ್ನು ಅದೆಂದು ಭ್ರಮಿಸಿದ್ದರಿಂದ ಇರಬಹುದು.

ಮಹಿಳಾ ಕ್ರಿಕೆಟ್ಟಿನ ಸೇರ್ಪಡೆಗಳು ಈಚೆಗೆ ವಾದಕ್ಕೆ ಹೊಸ ದಿಕ್ಕು ತೋರಿವೆ. 2023ರಲ್ಲಿ ಡಯಾನಾ ಎಡುಲ್ಜಿ, 2024ರಲ್ಲಿ ನೀತು ಡೇವಿಡ್, ಇಬ್ಬರೂ ಎಡಗೈ ಸ್ಪಿನ್ನರುಗಳು, ಆಯ್ಕೆಯಾದರು. ನೀತು ಡೇವಿಡ್ ಅವರ ಟೆಸ್ಟ್ ವಿಕೆಟ್ 41 ಮಾತ್ರ, ಆದರೆ ಅವಕಾಶವೇ ಹತ್ತು ಟೆಸ್ಟುಗಳದು. ಸಿಕ್ಕ ಅವಕಾಶದ ಪ್ರಮಾಣದಲ್ಲಿ ಸಾಧನೆಯನ್ನು ಅಳೆಯಬೇಕೆಂಬ ಈ ತತ್ತ್ವವು ಪ್ರಸನ್ನರಿಗೂ ಅನ್ವಯಿಸತಕ್ಕದ್ದೆಂದು ಅವರ ಪಕ್ಷದವರು ವಾದಿಸಬಹುದು. ಬೆಂಗಳೂರಿನ ಶಾಂತಾ ರಂಗಸ್ವಾಮಿಯವರು, 1976ರಲ್ಲಿ ಪಟ್ನಾದಲ್ಲಿ ಭಾರತಕ್ಕೆ ಪ್ರಥಮ ಮಹಿಳಾ ಟೆಸ್ಟ್ ವಿಜಯವನ್ನು ತಂದ ನಾಯಕಿ, ಮಧ್ಯಮವೇಗದಲ್ಲಿ ಬೌಲಿಂಗೂ ಮಾಡುತ್ತಿದ್ದವರು, 2017ರಲ್ಲಿ ಭಾರತೀಯ ಮಂಡಳಿಯ ಮಹಿಳಾ ಜೀವಮಾನ ಸಾಧನೆಯ ಪ್ರಶಸ್ತಿ ಪಡೆದರು. 2025ರಲ್ಲಿ ಮಹೇಂದ್ರ ಸಿಂಗ್ ಧೋನಿಯವರ ಸೇರ್ಪಡೆಯೊಡನೆ ಕೀರ್ತಿಭವನದ ಭಾರತೀಯರು ಹನ್ನೊಂದು ಮಂದಿಯಾದರು. ಅವರಲ್ಲಿ ಕರ್ನಾಟಕದವರು ಕುಂಬ್ಳೆ ಮತ್ತು, 2018ರಲ್ಲಿ ಸೇರಿದ, ರಾಹುಲ್ ದ್ರಾವಿಡ್.