ಪರದೆಯ ಮೇಲೆ ಸ್ಥಿರಚಿತ್ರದ ಚಲನೆ: ಸ್ಥಾನ, ಅಳತೆ ಮತ್ತು ಮಿತಿ

ಸಂಘದ ವಾರ್ಷಿಕೋತ್ಸವಕ್ಕಾಗಲಿ, ಮನೆಯ ಹಿರಿಯರ ಷಷ್ಟ್ಯಬ್ದಿಗಾಗಲಿ ಹಳೆಯ ಛಾಯಾಚಿತ್ರಗಳನ್ನು ಜೋಡಿಸಿ ಕಿರುಚಿತ್ರ ತಯಾರಿಸುವುದು ಹೊರನಾಡ ಕನ್ನಡಿಗರಲ್ಲಿ ಈಗ ರೂಢಿಯಾಗಿದೆ. ಚಿತ್ರವನ್ನು ಪರದೆಯ ಮೇಲೆ ಸರಿಸುವುದು ಮತ್ತು ಹಿಗ್ಗಿಸುವುದು ಇಂತಹ ಕಿರುಚಿತ್ರದ ಜೀವಾಳ. ಇದರ ಲೆಕ್ಕ ತಪ್ಪಿದರೆ ನಾವು ತೋರಿಸಬೇಕೆಂದಿದ್ದ ಮುಖವೇ ಮಸುಕಾಗುತ್ತದೆ, ಇಲ್ಲವೇ ಚೌಕಟ್ಟಿನ ಹೊರಗೆ ಉಳಿಯುತ್ತದೆ.

ಹಿನ್ನೆಲೆ

ಈ ತಂತ್ರವು ಸಂಕಲನ ತಂತ್ರಾಂಶಗಳಿಗಿಂತ ಹಳೆಯದು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1957ರಲ್ಲಿ ಹೊರತಂದ ‘ಸಿಟಿ ಆಫ್ ಗೋಲ್ಡ್’ ಸಾಕ್ಷ್ಯಚಿತ್ರದಲ್ಲಿ ನಿರ್ದೇಶಕರಾದ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ಅವರು ಡಾಸನ್ ನಗರದ ಹಳೆಯ ಛಾಯಾಚಿತ್ರಗಳ ಮೇಲೆ ಕ್ಯಾಮೆರಾವನ್ನು ನಿಧಾನವಾಗಿ ಚಲಿಸಿದರು. ಅಮೆರಿಕದ ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ (1990) ಸರಣಿಯಿಂದ ಈ ವಿಧಾನವು ಜನಪ್ರಿಯವಾಯಿತು. 2003ರಲ್ಲಿ ಆಪಲ್ ಸಂಸ್ಥೆಯು ಐಮೂವಿ ತಂತ್ರಾಂಶದಲ್ಲಿ ಇದನ್ನು ಅವರ ಹೆಸರಿನಲ್ಲಿಯೇ ಅಳವಡಿಸಿತು.

ಸ್ಥಾನ ಮತ್ತು ಅಳತೆ

ಬಹುತೇಕ ತಂತ್ರಾಂಶಗಳಲ್ಲಿ ಎರಡು ಮೌಲ್ಯಗಳು ಮುಖ್ಯವಾದವು: ಚಿತ್ರದ ಸ್ಥಾನವನ್ನು ಹೇಳುವ ‘ಪೊಸಿಷನ್’, ಗಾತ್ರವನ್ನು ಹೇಳುವ ‘ಸ್ಕೇಲ್’ ಅಥವಾ ‘ಜೂಮ್’. ಆರಂಭದ ಕ್ಷಣದಲ್ಲಿ ಒಂದು ಮೌಲ್ಯವನ್ನು, ಅಂತ್ಯದ ಕ್ಷಣದಲ್ಲಿ ಇನ್ನೊಂದನ್ನು ಗುರುತು ಮಾಡಿದರೆ ನಡುವಿನ ಚಲನೆಯನ್ನು ತಂತ್ರಾಂಶವೇ ತುಂಬಿಕೊಳ್ಳುತ್ತದೆ. ಈ ಗುರುತಿಗೆ ಕೀಫ್ರೇಮ್ ಎಂದು ಹೆಸರು. ಚೌಕಟ್ಟಿನ ಬಲಗಡೆ ಇರುವವರನ್ನು ನಡುವಿಗೆ ತರಬೇಕಾದರೆ ಚಿತ್ರವನ್ನು ಎಡಕ್ಕೆ ಸರಿಸಬೇಕೆಂಬುದನ್ನು ಹೊಸಬರು ಗಮನಿಸಬೇಕು. ಅಗಲ ಮತ್ತು ಎತ್ತರಗಳನ್ನು ಯಾವಾಗಲೂ ಒಂದೇ ಪ್ರಮಾಣದಲ್ಲಿ ಬದಲಿಸಬೇಕು. ಇಲ್ಲವಾದರೆ ತೆಳ್ಳಗಿದ್ದವರು ದಪ್ಪಗೆ ಕಾಣುತ್ತಾರೆ.

ಎಷ್ಟು ಹಿಗ್ಗಿಸಬಹುದು?

ಇದು ನಿರ್ಧಾರವಾಗುವುದು ಬಹುಮಟ್ಟಿಗೆ ಸ್ಕ್ಯಾನ್ ಮಾಡುವಾಗಲೇ. ಸಾಮಾನ್ಯ ಎಚ್‌ಡಿ ಚೌಕಟ್ಟಿನಲ್ಲಿ 1920 × 1080 ಪಿಕ್ಸೆಲ್‌ಗಳಿರುತ್ತವೆ. 6 × 4 ಅಂಗುಲದ ಛಾಯಾಚಿತ್ರವನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ದೊರೆಯುವುದು 1800 × 1200 ಪಿಕ್ಸೆಲ್. ಪರದೆಯ ಅಗಲಕ್ಕೇ ಇದು ಸಾಲದು. 600 ಡಿಪಿಐಯಲ್ಲಿ 3600 × 2400 ದೊರೆಯುತ್ತದೆ. ಆಗ ಮೂಲ ಅಳತೆಯ ಶೇಕಡಾ 53ರಷ್ಟರಲ್ಲಿಯೇ ಪರದೆಯ ಅಗಲ ತುಂಬುತ್ತದೆ. ಅಲ್ಲಿಂದ ಶೇಕಡಾ 100ರವರೆಗೆ, ಎಂದರೆ ಸುಮಾರು 1.9 ಪಟ್ಟು, ಮಸುಕಾಗದಂತೆ ಹಿಗ್ಗಿಸಬಹುದು. 1200 ಡಿಪಿಐಯಿಂದ ಪಿಕ್ಸೆಲ್‌ಗಳು ಹೆಚ್ಚಿದರೂ ಸಾಮಾನ್ಯ ಮುದ್ರಿತ ಪ್ರತಿಯಲ್ಲಿ ಅಷ್ಟು ವಿವರವೇ ಇರುವುದಿಲ್ಲ. ನೆಗೆಟಿವ್ ಉಳಿದಿದ್ದರೆ ಅದನ್ನೇ ಸ್ಕ್ಯಾನ್ ಮಾಡಿಸುವುದು ಮೇಲು.

ಒಂದು ಎಚ್ಚರಿಕೆ: ಡಾವಿಂಚಿ ರಿಸಾಲ್ವ್‌ನ ರೂಢಿಯ ಹೊಂದಾಣಿಕೆಯಲ್ಲಿ ಜೂಮ್ 1 ಎಂದರೆ ಇಡೀ ಚಿತ್ರ ಚೌಕಟ್ಟಿನೊಳಗೆ ಹೊಂದುವ ಗಾತ್ರ, ಮೂಲ ಪಿಕ್ಸೆಲ್ ಅಳತೆಯಲ್ಲ. ಮೇಲಿನ ಲೆಕ್ಕವನ್ನು ಅಲ್ಲಿ ನೇರವಾಗಿ ಅನ್ವಯಿಸಲಾಗದು.

ಸಮೂಹಚಿತ್ರಗಳು

3:2 ಪ್ರಮಾಣದ ಛಾಯಾಚಿತ್ರವು 16:9 ಪರದೆಗೆ ಸರಿಹೊಂದುವುದಿಲ್ಲ. ಮೇಲಿನ 3600 × 2400 ಚಿತ್ರದಿಂದ ಪರದೆಯ ಅಗಲ ತುಂಬಿಸಿದರೆ ಮೇಲೂ ಕೆಳಗೂ ತಲಾ 100 ಪಿಕ್ಸೆಲ್ ಕತ್ತರಿಸಿಹೋಗುತ್ತದೆ. ಹಿಂದಿನ ಸಾಲಿನವರ ತಲೆ, ನೆಲದ ಮೇಲೆ ಕುಳಿತ ಮಕ್ಕಳು ಕಳೆದುಹೋಗುವುದು ಇಲ್ಲಿಯೇ. ಆದ್ದರಿಂದ ಶೇಕಡಾ 45ರ ಅಳತೆಯಲ್ಲಿ, ಎರಡೂ ಬದಿಗೆ ತಲಾ 150 ಪಿಕ್ಸೆಲ್ ಕಪ್ಪುಪಟ್ಟಿ ಉಳಿದರೂ ಸರಿ, ಮೊದಲು ಇಡೀ ಚಿತ್ರವನ್ನು ತೋರಿಸಿ ಅನಂತರ ಬೇಕಾದ ಮುಖದತ್ತ ಸಾಗುವುದು ಒಳಿತು. ಚಲನೆ ನಿಧಾನವಾಗಿರಲಿ, ಮುಖವನ್ನು ತಲುಪಿದ ಮೇಲೆ ಕ್ಷಣಕಾಲ ನಿಲ್ಲಲಿ. ಪ್ರತಿ ಚಿತ್ರಕ್ಕೂ ಚಲನೆ ಕೊಟ್ಟರೆ ನೋಡುವವರ ಕಣ್ಣು ದಣಿಯುತ್ತದೆ.

ಯಾವ ಮುಖದ ಬಳಿ ನಿಲ್ಲಬೇಕೆಂಬುದನ್ನು ಮಾತ್ರ ತಂತ್ರಾಂಶ ಹೇಳಲಾರದು. ಅದನ್ನು ಬಲ್ಲವರು ನಮ್ಮ ಮನೆಗಳ ಹಿರಿಯರು. ಅವರು ನಮ್ಮೊಡನಿರುವಾಗಲೇ ಪ್ರತಿ ಸಮೂಹಚಿತ್ರದಲ್ಲಿರುವವರ ಹೆಸರು, ಊರು, ಇಸವಿಗಳನ್ನು ಎಡದಿಂದ ಬಲಕ್ಕೆ ಸಾಲುಸಾಲಾಗಿ ಕೇಳಿ ಬರೆದಿಟ್ಟುಕೊಂಡು, ಆ ಪಟ್ಟಿಯನ್ನು ಸ್ಕ್ಯಾನ್ ಪ್ರತಿಯ ಜೊತೆಯಲ್ಲಿಯೇ ಕಾಪಿಡಬೇಕೆಂದು ನಾವು ಓದುಗರಲ್ಲಿ ವಿನಂತಿಸುತ್ತೇವೆ.