ಹರಳುಗಳ ಸಂದಿನಲ್ಲಿ

ಅಪ್ಪಟ ಚಿನ್ನದಷ್ಟು ಸುತ್ತಿಗೆಯ ಮಾತು ಕೇಳುವ ಲೋಹ ಇನ್ನೊಂದಿಲ್ಲ. ಅಂಥ ಚಿನ್ನವೂ ಪೆಡಸಾಗಿ ಮುರಿಯಬಲ್ಲದೆಂದು 1803ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹ್ಯಾಚೆಟ್ ತೋರಿಸಿದರು. ನಾಣ್ಯದ ಚಿನ್ನಕ್ಕೆ ಎರಡು ಸಾವಿರದಲ್ಲೊಂದು ಪಾಲಿನಷ್ಟು ಬಿಸ್ಮತ್ ಬೆರೆತರೆ ಸಾಕು. 1888ರಲ್ಲಿ ಲಂಡನ್ ಟಂಕಸಾಲೆಯ ರಸಾಯನಶಾಸ್ತ್ರಜ್ಞ ರಾಬರ್ಟ್ಸ್-ಆಸ್ಟೆನ್ನರು ಇದಕ್ಕೆ ಕಾರಣ ಹುಡುಕುತ್ತ, ಚಿನ್ನಕ್ಕಿಂತ ಹಿರಿದಾದ ಪರಮಾಣುಗಾತ್ರದ ಧಾತುಗಳೇ ಕೇಡು ಮಾಡುತ್ತವೆಂದರು. ಅವರ ಊಹೆ ಪೂರ್ಣವಲ್ಲದಿದ್ದರೂ ದಿಕ್ಕು ಸರಿಯಾಗಿತ್ತೆಂದೇ ನಾನು ಭಾವಿಸುತ್ತೇನೆ.

ಲೋಹವೆಂಬುದು ಅಖಂಡ ವಸ್ತುವಲ್ಲ. ಒತ್ತೊತ್ತಾಗಿ ಕೂಡಿದ ಸಣ್ಣ ಹರಳುಗಳ ರಾಶಿ. ಹರಳಿನೊಳಗೆ ಪರಮಾಣುಗಳು ಸಾಲುಗಟ್ಟಿವೆ. ಅಲ್ಲಿ ಹೊಂದದ ಪರಕೀಯ ಪರಮಾಣು, ಕಾವಿನಲ್ಲಿ ಮೆಲ್ಲನೆ ಸರಿದು, ಎರಡು ಹರಳುಗಳ ನಡುವಿನ ಸಂದಿಗೆ ಬಂದು ನಿಲ್ಲುತ್ತದೆ. ಒಟ್ಟು ಲೋಹದಲ್ಲಿ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಸಂದಿನ ಜಾಗವೇ ಅತಿ ಕಿರಿದಾದ್ದರಿಂದ ಅಲ್ಲಿ ಅದರ ಪಾಲು ಬಹಳ ದೊಡ್ಡದು. ಬಿರುಕು ಹಿಡಿಯುವ ದಾರಿಯೂ ಅದೇ.

ಟಂಕಸಾಲೆಯಲ್ಲಿ ಇದರಿಂದ ಕೆಡುತ್ತಿದ್ದುದು ಚಿನ್ನದ ಎರಕವಷ್ಟೇ. ಇಂಗ್ಲೆಂಡಿನ ಸಾಮರ್ಸೆಟ್ ಕರಾವಳಿಯ ಹಿಂಕ್ಲಿ ಪಾಯಿಂಟ್ 'ಎ' ಪರಮಾಣು ವಿದ್ಯುತ್ ಕೇಂದ್ರದಲ್ಲಿ 1969ರ ಸೆಪ್ಟೆಂಬರ್ 19ರಂದು ನಡೆದದ್ದು ಬೇರೆಯೇ ಪ್ರಮಾಣದ ಅನಾಹುತ. ನಿಮಿಷಕ್ಕೆ 3000 ಸುತ್ತು ತಿರುಗಬೇಕಾದ 87 ಮೆಗಾವಾಟಿನ ಉಗಿಯಂತ್ರವನ್ನು ಪರೀಕ್ಷೆಗೆಂದು ಇನ್ನಷ್ಟು ವೇಗಕ್ಕೆ ಏರಿಸುತ್ತಿದ್ದರು. ಸುಮಾರು 3200 ಸುತ್ತಿನ ಹೊತ್ತಿಗೆ ಒಂದು ಉಕ್ಕಿನ ಚಕ್ರ ಸಿಡಿಯಿತು; ಯಂತ್ರ ನುಚ್ಚುನೂರಾಯಿತು.

ಚಕ್ರವನ್ನು ದಂಡಕ್ಕೆ ಬಿಗಿಯುವ ಕೀಲಿನ ತೋಡಿನಲ್ಲಿ ಉಗಿ ತಣಿದು ನಿಂತ ತೇವ ಸಣ್ಣ ಬಿರುಕನ್ನು ಹುಟ್ಟಿಸಿತ್ತು. ಅದರ ಆಳ ಸುಮಾರು ಒಂದೂವರೆ ಮಿಲಿಮೀಟರ್! ಒಳ್ಳೆಯ ಉಕ್ಕು ಅಷ್ಟನ್ನು ಸಹಿಸಿಕೊಳ್ಳುತ್ತಿತ್ತು. ಈ ಉಕ್ಕಿನಲ್ಲಿ ಮಾತ್ರ ರಂಜಕ ಹರಳುಗಳ ಸಂದನ್ನು ಸೇರಿತ್ತು. ಚಕ್ರವನ್ನು ತಯಾರಿಸುವಾಗ ಕುಲುಮೆಯೊಳಗೇ ನಿಧಾನವಾಗಿ ತಣಿಸಿದ್ದರು. ಹೀಗೆ ತಣಿಸುವುದು ಒಳಬಿಗಿತ ಉಳಿಯದಿರಲೆಂದು ಮಾಡುವ ಎಚ್ಚರಿಕೆಯ ಕೆಲಸವೇ. ಆದರೆ 575ರಿಂದ 375 ಡಿಗ್ರಿಯ ನಡುವೆ ತಡೆದು ಇಳಿಯುವ ಕಾವೇ ರಂಜಕಕ್ಕೆ ಸಂದು ಸೇರಲು ಬಿಡುವು ಕೊಡುತ್ತದೆ.

ಸಂದಿನಲ್ಲಿ ಅವಿತದ್ದನ್ನು ಕಾಣುವ ಉಪಾಯವೂ ಆ ವರ್ಷಗಳಲ್ಲೇ ಕೈಗೂಡಿತು. ಲೋಹದ ತುಣುಕನ್ನು ನಿರ್ವಾತದಲ್ಲೇ ಮುರಿದು, ಮುರಿದ ಮೈಗೆ ಎಲೆಕ್ಟ್ರಾನುಗಳನ್ನು ತಾಗಿಸಿ, ಅಲ್ಲಿಂದ ಹೊಮ್ಮುವ ಎಲೆಕ್ಟ್ರಾನುಗಳ ಶಕ್ತಿಯಿಂದ ಧಾತುವನ್ನು ಗುರುತಿಸುವುದು. ಫ್ರಾನ್ಸಿನ ಪಿಯೆರ್ ಓಜೆ ಅವರ ಹೆಸರು ಹೊತ್ತ ಈ ವಿಧಾನಕ್ಕೆ ಕೆಲವೇ ಪರಮಾಣುಗಳ ದಪ್ಪದ ಪದರವೂ ಗೋಚರ. ರಂಜಕವನ್ನು ಉಕ್ಕಿನಿಂದ ಇನ್ನಷ್ಟು ಕಳೆಯುವುದು, ಬೇಗ ತಣಿಸುವುದು, ಮಾಲಿಬ್ಡಿನಂ ಕೂಡಿಸುವುದು, ಇವೇ ಪರಿಹಾರಗಳು. ಹೀಗೆ ಪೆಡಸಾದ ಉಕ್ಕನ್ನು 600 ಡಿಗ್ರಿಗೂ ಮೇಲೆ ಮತ್ತೆ ಕಾಯಿಸಿ ಥಟ್ಟನೆ ತಣಿಸಿದರೆ ರಂಜಕ ಚದರಿ, ಹಳೆಯ ಗಟ್ಟಿತನ ಮರಳುತ್ತದೆ.